ಮನೆಯಲ್ಲೇ ಬಿಯರ್: ಮೊದಲ ಬ್ಯಾಚ್ ಕೆಡುವುದು ಒಲೆ ಆರಿಸಿದ ಮೇಲೆ

ಅಮೆರಿಕ, ಇಂಗ್ಲೆಂಡ್, ಆಸ್ಟ್ರೇಲಿಯಾದಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಮನೆಯಲ್ಲೇ ಬಿಯರ್ ಮಾಡುವ ಹವ್ಯಾಸಕ್ಕೆ ಬಿದ್ದವರು ಹಲವರಿದ್ದಾರೆ. ಸಾಮಾನ್ಯವಾಗಿ ಶುರುವಾಗುವುದು ಯಾರೋ ಉಡುಗೊರೆ ಕೊಟ್ಟ ಒಂದು ಕಿಟ್‌ನಿಂದ. ಒಂದು ಶನಿವಾರ ಡಬ್ಬ ಬಿಚ್ಚಿ, ಒಳಗಿನ ಚೀಟಿಯಲ್ಲಿ ಹೇಳಿದಂತೆ ಕುದಿಸಿ, ಬಕೆಟ್ಟಿಗೆ ಸುರಿದು ಮುಚ್ಚಿಡುತ್ತಾರೆ. ತಿಂಗಳು ಕಳೆದು ಬಾಟಲಿ ತೆರೆದರೆ ಒಂದೋ ಹುಳಿ, ಒಂದೋ ಬಾಳೆಹಣ್ಣಿನ ವಾಸನೆ, ಇಲ್ಲವೇ ನೊರೆಯೇ ಬಾರದ ಸಪ್ಪೆ ನೀರು. ಎರಡನೆಯ ಸಲ ರೆಸಿಪಿ ಬದಲಿಸುತ್ತಾರೆ, ದುಬಾರಿ ಹಾಪ್ಸ್ ತರಿಸುತ್ತಾರೆ, ಮತ್ತೆ ಅದೇ ಫಲಿತಾಂಶ. ಅಲ್ಲಿಗೆ ಬಕೆಟ್ಟು ಗ್ಯಾರೇಜಿನ ಮೂಲೆ ಸೇರುತ್ತದೆ.

ಹೀಗೆ ಕೈಬಿಟ್ಟವರ ಬಗ್ಗೆ ನನಗೆ ನಿಜಕ್ಕೂ ಬೇಸರವಾಗುತ್ತದೆ. ಏಕೆಂದರೆ ಅವರು ಸರಿಪಡಿಸಲು ಹೊರಟದ್ದು ಕೆಡದೇ ಇದ್ದ ಭಾಗವನ್ನು. ಕುದಿಸುವ ಕೆಲಸ ಸುಲಭ. ಅಡುಗೆ ಬಲ್ಲ ಯಾರಿಗಾದರೂ ಬರುತ್ತದೆ. ನೀವು ಮಾಡುವುದು ಸಿಹಿ ಕಷಾಯವನ್ನು ಮಾತ್ರ. ಅದನ್ನು ಬಿಯರ್ ಮಾಡುವುದು ಯೀಸ್ಟ್. ಯೀಸ್ಟಿಗೆ ಶುದ್ಧವಾದ ಪಾತ್ರೆ, ಸರಿಯಾದ ತಾಪಮಾನ, ಬೇಕಾದಷ್ಟು ದಿನ ಕೊಟ್ಟರೆ ಅತಿ ಸಾಧಾರಣ ರೆಸಿಪಿಯೂ ಒಳ್ಳೆಯ ಬಿಯರ್ ಆಗುತ್ತದೆ. ಈ ಮೂರರಲ್ಲಿ ಒಂದು ತಪ್ಪಿದರೂ ಯಾವ ಹಾಪ್ಸ್ ಅದನ್ನು ಕಾಪಾಡಲಾರದು.

ಮೊದಲು ಕಾನೂನು

ಮನೆಬಳಕೆಗೆ ಬಿಯರ್ ಮಾಡಲು ಅನುಮತಿ ಇರುವ ದೇಶಗಳಲ್ಲಿರುವ ವಯಸ್ಕ ಓದುಗರಿಗಾಗಿ ಈ ಲೇಖನ. ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಬೆಂಗಳೂರಿನ ಮೈಕ್ರೋಬ್ರೂವರಿಗಳು ನಡೆಯುತ್ತಿರುವುದೂ ಪರವಾನಗಿಯ ಮೇಲೆಯೇ. ‘ನಾಲ್ಕು ಬಾಟಲಿ ತಾನೇ, ಮನೆಮಂದಿಗೆ ತಾನೇ’ ಎಂಬ ವಾದ ಅಲ್ಲಿ ನಡೆಯದು. ಆದ್ದರಿಂದ ರಜೆಗೆ ಊರಿಗೆ ಹೋದಾಗ ಅಣ್ಣ ತಮ್ಮಂದಿರಿಗೆ ಮಾಡಿ ತೋರಿಸುವ ಯೋಚನೆ ಬೇಡ.

ಅಮೆರಿಕದಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ 1978ರಲ್ಲಿ ಸಹಿ ಹಾಕಿದ ಕಾನೂನು ಮರುವರ್ಷ ಫೆಬ್ರವರಿಯಿಂದ ಜಾರಿಗೆ ಬಂತು. ಒಬ್ಬರೇ ವಯಸ್ಕರಿರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ಮಂದಿ ಇದ್ದರೆ 200 ಗ್ಯಾಲನ್ ತನಕ ತೆರಿಗೆಯಿಲ್ಲದೆ ಮಾಡಿಕೊಳ್ಳಬಹುದು. ರಾಜ್ಯಗಳ ನಿಯಮ ಬೇರೆ ಬೇರೆ. ಮಿಸಿಸಿಪ್ಪಿ, ಅಲಬಾಮಾಗಳು ಒಪ್ಪಿಗೆ ಕೊಟ್ಟದ್ದು 2013ರಲ್ಲಿ. ಕನ್ನಡ ಕೂಟದ ಪಿಕ್ನಿಕ್ಕಿಗೆ ಬಾಟಲಿ ಒಯ್ಯುವ ಮುನ್ನ ನಿಮ್ಮ ರಾಜ್ಯದಲ್ಲಿ ಮನೆಯಿಂದ ಹೊರಗೆ ತೆಗೆದುಕೊಂಡು ಹೋಗಬಹುದೇ ಎಂದು ನೋಡಿಕೊಳ್ಳಿ. ಬ್ರಿಟನ್ನಿನಲ್ಲಿ 1963ರಿಂದ ಪರವಾನಗಿ ಬೇಕಿಲ್ಲ. ಮಾರುವುದಕ್ಕೆ ಮಾತ್ರ ಹೋಗಬೇಡಿ. ಈ ವಿನಾಯಿತಿಗಳೆಲ್ಲ ಮನೆಬಳಕೆಗೆ ಸೀಮಿತ. ಬಟ್ಟಿ ಇಳಿಸುವುದು ಇದಕ್ಕೆ ಸಂಬಂಧವೇ ಇಲ್ಲದ ವಿಷಯ: ಬಹುತೇಕ ದೇಶಗಳಲ್ಲಿ ಅದು ಅಪರಾಧ, ಜೊತೆಗೆ ಅಪಾಯ.

ಯೀಸ್ಟ್ ಏನು ಮಾಡುತ್ತದೆ?

ಬಿಯರಿಗೆ ಬೇಕಾದದ್ದು ನಾಲ್ಕು: ನೀರು, ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ ಅಂದರೆ ಮಾಲ್ಟ್, ಕಹಿ ಮತ್ತು ಪರಿಮಳಕ್ಕೆ ಹಾಪ್ಸ್ ಹೂ, ಮತ್ತು ಯೀಸ್ಟ್. ಜರ್ಮನಿಯ ಬವೇರಿಯಾದಲ್ಲಿ 1516ರಲ್ಲಿ ಹೊರಟ ಹೆಸರಾಂತ ಶುದ್ಧತಾ ನಿಯಮದಲ್ಲಿ ಮೊದಲ ಮೂರರ ಹೆಸರಷ್ಟೇ ಇದೆ. ಯೀಸ್ಟ್ ಒಂದು ಜೀವಿ, ಹುದುಗು ಬರಿಸುವುದು ಅದೇ ಎಂಬ ಅರಿವು ಅಂದಿನವರಿಗೆ ಇರಲಿಲ್ಲ. ಬಿಯರ್ ಕೆಡುವುದು ಬೇಡದ ಸೂಕ್ಷ್ಮಜೀವಿಗಳಿಂದ ಎಂದು ಲೂಯಿ ಪ್ಯಾಶ್ಚರ್ 1876ರ ತನ್ನ ಪುಸ್ತಕದಲ್ಲಿ ವಿವರಿಸಿದ. 1883ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸೆನ್ ಒಂದೇ ಜೀವಕೋಶದಿಂದ ಶುದ್ಧ ಯೀಸ್ಟ್ ಬೆಳೆಸಿ ತೋರಿಸಿದ. ನೀವು ಅಂಗಡಿಯಿಂದ ತರುವ 11.5 ಗ್ರಾಮಿನ ಒಣ ಯೀಸ್ಟ್ ಪೊಟ್ಟಣ ಆ ಕೆಲಸದ ಫಲ.

ಯೀಸ್ಟ್ ಮಾಲ್ಟಿನ ಸಕ್ಕರೆಯನ್ನು ತಿಂದು ಆಲ್ಕೋಹಾಲ್ ಮತ್ತು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಅದರ ಜೊತೆಗೇ ಹತ್ತಾರು ಬಗೆಯ ಪರಿಮಳದ ವಸ್ತುಗಳನ್ನೂ ಮಾಡುತ್ತದೆ. ಅವು ಎಷ್ಟು, ಯಾವುವು ಎಂಬುದನ್ನು ತೀರ್ಮಾನಿಸುವುದು ಮುಖ್ಯವಾಗಿ ತಾಪಮಾನ.

ಇಲ್ಲೇ ನಮ್ಮ ಅಡುಗೆಮನೆಯ ಅಭ್ಯಾಸ ದಾರಿ ತಪ್ಪಿಸುವುದು. ಚಳಿಗಾಲದಲ್ಲಿ ದೋಸೆ ಹಿಟ್ಟು ಹುದುಗು ಬರಲಿಲ್ಲವೆಂದು ಓವನ್ನಿನ ದೀಪ ಹಾಕಿ ಒಳಗಿಡುತ್ತೇವಲ್ಲ, ಅದು ಹಿಟ್ಟಿಗೆ ಸರಿ. ಹಿಟ್ಟಿನಲ್ಲಿ ನಮಗೆ ಬೇಕಾದದ್ದು ಹುಳಿ. ಅದನ್ನು ತರುವ ಬ್ಯಾಕ್ಟೀರಿಯಾ ಉದ್ದಿನ ಬೇಳೆ, ಅಕ್ಕಿಯ ಜೊತೆಗೇ ಬಂದಿರುತ್ತದೆ, ಬೆಚ್ಚಗಿದ್ದಷ್ಟೂ ಚುರುಕಾಗುತ್ತದೆ. ಬಿಯರಿನಲ್ಲಿ ಇದೆಲ್ಲ ತಿರುಗುಮುರುಗು. ಅಲ್ಲಿ ನಾವು ಹಾಕಿದ ಯೀಸ್ಟ್ ಒಂದೇ ಇರಬೇಕು, ಅದು ತಂಪಿನಲ್ಲಿ ನಿಧಾನವಾಗಿ ಕೆಲಸ ಮಾಡಬೇಕು. ಬೇಗ ಆಗಲಿ ಎಂದು ಬಕೆಟ್ಟನ್ನು ಹೀಟರ್ ಪಕ್ಕ ಇಟ್ಟರೆ ಎರಡೇ ದಿನದಲ್ಲಿ ಗುಳ್ಳೆ ಎದ್ದು ಮುಗಿಯುತ್ತದೆ ನಿಜ. ಆದರೆ ಬಾಳೆಹಣ್ಣಿನ, ಉಗುರಿನ ಬಣ್ಣದ ವಾಸನೆ ಉಳಿಯುತ್ತದೆ, ಗಂಟಲಿನಲ್ಲಿ ಉರಿ ಇರುತ್ತದೆ. ಅದಕ್ಕೆ ಆಮೇಲೆ ಪರಿಹಾರವಿಲ್ಲ.

ಇನ್ನೊಂದು ಮಾತು. ಬಿಯರ್ ಕುದಿಸುವ ದಿನ ಅದೇ ಕಟ್ಟೆಯ ಮೇಲೆ ಇಡ್ಲಿ ಹಿಟ್ಟು ಉಕ್ಕುತ್ತಾ ಕೂತಿರಬಾರದು. ಮೊಸರು ಹೆಪ್ಪು ಹಾಕುವುದನ್ನೂ ಹಿಂದಿನ ದಿನವೇ ಮುಗಿಸಿಕೊಳ್ಳಿ. ಇವುಗಳ ಬ್ಯಾಕ್ಟೀರಿಯಾ ನಮ್ಮ ಹೊಟ್ಟೆಗೆ ಹಿತ, ಬಿಯರಿಗೆ ಹುಳಿ.

ಏನೇನು ಬೇಕು?

ಅಂಗಡಿಯವರು ಇಪ್ಪತ್ತು ಸಾಮಾನು ತೋರಿಸುತ್ತಾರೆ. ಮೊದಲ ಬ್ಯಾಚಿಗೆ ಇಷ್ಟು ಸಾಕು: 18ರಿಂದ 20 ಲೀಟರಿನ ಸ್ಟೀಲ್ ಪಾತ್ರೆ, ಮುಚ್ಚಳ ಮತ್ತು ಒಳಗಿನ ಅನಿಲವನ್ನು ಹೊರಬಿಡುವ ಏರ್‌ಲಾಕ್ ಇರುವ 13ರಿಂದ 15 ಲೀಟರಿನ ಫುಡ್ ಗ್ರೇಡ್ ಬಕೆಟ್ಟು, ಕೆಳಗೆ ನಲ್ಲಿ ಇರುವ ಇನ್ನೊಂದು ಬಕೆಟ್ಟು, ಕೈಪಂಪಿನ ಸೈಫನ್ ಮತ್ತು ಕೊಳವೆ, ಥರ್ಮಾಮೀಟರ್, ದ್ರವದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಮತ್ತು ಅದರ ಉದ್ದನೆಯ ಜಾಡಿ, ಗ್ರಾಮ್ ತೂಗುವ ತಕ್ಕಡಿ, ಬಾಟಲಿ ಮುಚ್ಚಳ ಒತ್ತುವ ಸಾಧನ, ತೊಳೆಯದೆ ಹಾಗೇ ಬಿಡಬಹುದಾದ ಸ್ಯಾನಿಟೈಸರ್.

ಹೈಡ್ರೋಮೀಟರನ್ನು ಉಳಿತಾಯಕ್ಕೆಂದು ಕೈಬಿಡಬೇಡಿ. ಈ ಪಟ್ಟಿಯಲ್ಲಿ ಬಿಯರ್ ಆಯಿತೇ ಎಂದು ಹೇಳುವ ಏಕೈಕ ಸಾಧನ ಅದು. ಬಕೆಟ್ಟು, ಕೊಳವೆ, ಸೌಟು ಇವೆಲ್ಲ ಬಿಯರಿಗೇ ಮೀಸಲಿರಲಿ. ಪ್ಲಾಸ್ಟಿಕ್ಕಿಗೆ ಇಂಗು, ಸಾಂಬಾರ್ ಪುಡಿಯ ವಾಸನೆ ಒಮ್ಮೆ ಹತ್ತಿದರೆ ಬಿಡುವುದಿಲ್ಲ. ಸ್ಟೀಲ್ ಪಾತ್ರೆಯಲ್ಲಿ ಒಗ್ಗರಣೆಯ ಎಣ್ಣೆಯ ಪಸೆ ಉಳಿದಿದ್ದರೆ ಬಿಯರಿನ ನೊರೆ ನಿಲ್ಲುವುದಿಲ್ಲ.

ಮೊದಲ ರೆಸಿಪಿ: 10 ಲೀಟರ್ ಪೇಲ್ ಏಲ್

ಅಮೆರಿಕದ ಕಿಟ್‌ಗಳು ಸಾಮಾನ್ಯವಾಗಿ 5 ಗ್ಯಾಲನ್, ಅಂದರೆ ಸುಮಾರು 19 ಲೀಟರಿಗೆ ಇರುತ್ತವೆ. ಕಲಿಯುವವರಿಗೆ ಅದರ ಅರ್ಧ ಸಾಕು ಎಂಬುದು ನನ್ನ ಖಚಿತ ಅಭಿಪ್ರಾಯ. ಮನೆಯ ಒಲೆಯ ಮೇಲೆ ಕುದಿಯುತ್ತದೆ, ಅಡುಗೆಮನೆಯ ಸಿಂಕಿನಲ್ಲಿ ತಣಿಯುತ್ತದೆ, ಒಬ್ಬರೇ ಎತ್ತಬಹುದು. ಕೆಟ್ಟರೂ ನಷ್ಟ ಕಡಿಮೆ.

ತಿಳಿ ಬಣ್ಣದ ಒಣ ಮಾಲ್ಟ್ ಎಕ್ಸ್‌ಟ್ರಾಕ್ಟ್ 1.25 ಕಿಲೋ. ಒಡೆದ ಕ್ರಿಸ್ಟಲ್ ಮಾಲ್ಟ್ 200 ಗ್ರಾಮ್. ಕ್ಯಾಸ್ಕೇಡ್ ಹಾಪ್ಸ್ ಒಟ್ಟು 40 ಗ್ರಾಮ್. ಒಣ ಏಲ್ ಯೀಸ್ಟ್ ಒಂದು ಪೊಟ್ಟಣ. ಸಫೇಲ್ ಯುಎಸ್-05 ಮೊದಲಿಗರಿಗೆ ಒಳ್ಳೆಯದು, ಏಕೆಂದರೆ ಅದರ ರುಚಿ ಶುಭ್ರ, ಸಣ್ಣಪುಟ್ಟ ಏರುಪೇರನ್ನು ತಡೆದುಕೊಳ್ಳುತ್ತದೆ. ಲಾಗರ್ ಆಸೆಯನ್ನು ಸದ್ಯಕ್ಕೆ ಬದಿಗಿಡಿ. ಅದಕ್ಕೆ ವಾರಗಟ್ಟಲೆ 10ರಿಂದ 13 ಡಿಗ್ರಿಯ ತಂಪು ಬೇಕು, ಬೇರೆ ಫ್ರಿಜ್ ಇಲ್ಲದೆ ಆಗದು.

ಮಾಲ್ಟಿನ ಸಕ್ಕರೆಯನ್ನು ಕಾಳಿನಿಂದಲೇ ಇಳಿಸುವ ಪೂರ್ಣ ಧಾನ್ಯದ ವಿಧಾನವೂ ಇದೆ. ಅದು ಚೆನ್ನಾಗಿದೆ, ಆದರೆ ಅದರಲ್ಲಿ ತಪ್ಪಲು ಇನ್ನೂ ನಾಲ್ಕು ಜಾಗಗಳಿವೆ. ಎಕ್ಸ್‌ಟ್ರಾಕ್ಟ್‌ನಲ್ಲಿ ಆ ಕೆಲಸ ಕಾರ್ಖಾನೆಯಲ್ಲೇ ಮುಗಿದಿರುತ್ತದೆ. ನಿಮ್ಮ ಗಮನ ಪೂರ್ತಿ ಯೀಸ್ಟಿನ ಮೇಲೆ ಇರಬಹುದು.

ಕುದಿಸುವ ದಿನ

1. ನೀರು: 12 ಲೀಟರ್ ತೆಗೆದುಕೊಳ್ಳಿ. ನಲ್ಲಿ ನೀರಿನಲ್ಲಿ ಕ್ಲೋರಿನ್ ಅಥವಾ ಕ್ಲೋರಮೈನ್ ಇರುತ್ತದೆ. ಇದು ಮಾಲ್ಟಿನ ಅಂಶಗಳ ಜೊತೆ ಸೇರಿದರೆ ಬ್ಯಾಂಡ್‌ಏಡ್ ಪಟ್ಟಿಯಂಥ ಔಷಧಿ ವಾಸನೆ ಬರುತ್ತದೆ. ಕ್ಲೋರಿನ್ ಕುದಿಸಿದರೆ ಹೋಗುತ್ತದೆ, ಕ್ಲೋರಮೈನ್ ಸುಲಭಕ್ಕೆ ಹೋಗದು. ಕ್ಯಾಂಪ್ಡನ್ ಎಂಬ ಮಾತ್ರೆಯ ಕಾಲು ಭಾಗ ಪುಡಿ ಮಾಡಿ ಹಾಕಿದರೆ ಎರಡೂ ಹೋಗುತ್ತವೆ. ಇಲ್ಲವೇ ಅಂಗಡಿಯ ಸ್ಪ್ರಿಂಗ್ ವಾಟರ್ ಬಳಸಿ.

2. ಕ್ರಿಸ್ಟಲ್ ಮಾಲ್ಟನ್ನು ತೆಳು ಬಟ್ಟೆಯ ಚೀಲದಲ್ಲಿ ಕಟ್ಟಿ 65ರಿಂದ 70 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಅರ್ಧ ಗಂಟೆ ನೆನೆಸಿ. ಬಣ್ಣ, ಕ್ಯಾರಮೆಲ್ ರುಚಿ ಇಳಿಯುವುದು ಇದರಿಂದಲೇ. ನೀರು 77 ಡಿಗ್ರಿ ದಾಟಿದರೆ ಸಿಪ್ಪೆಯ ಒಗರು ಇಳಿಯುತ್ತದೆ. ಚೀಲವನ್ನು ಎತ್ತಿ ಸೋರಲು ಬಿಡಿ.

3. ಒಲೆಯನ್ನು ಆರಿಸಿ, ಆಮೇಲೆ ಮಾಲ್ಟ್ ಎಕ್ಸ್‌ಟ್ರಾಕ್ಟ್ ಹಾಕಿ ಕಲಸಿ. ಉರಿ ಇದ್ದಾಗ ಹಾಕಿದರೆ ತಳ ಹಿಡಿದು ಸೀದ ರುಚಿ ಪೂರ್ತಿ ಬ್ಯಾಚಿಗೆ ಬರುತ್ತದೆ. ಪುಡಿ ಆವಿಗೆ ತಾಗಿದ ಕೂಡಲೇ ಗಟ್ಟಿಯಾಗುವುದರಿಂದ ಪೊಟ್ಟಣವನ್ನು ಆವಿಯ ಮೇಲೆ ಹಿಡಿದು ನಿಲ್ಲಬೇಡಿ, ಒಮ್ಮೆಲೇ ಸುರಿಯಿರಿ.

4. ಮತ್ತೆ ಉರಿ ಹಚ್ಚಿ. ಕುದಿ ಬರುವ ಹೊತ್ತಿಗೆ ಎಲ್ಲಿಯೂ ಹೋಗಬೇಡಿ. ಮೊದಲು ಅಂಚಿನಲ್ಲಿ ತೆಳ್ಳಗೆ ಕಂದು ನೊರೆ ಕಾಣುತ್ತದೆ. ಅದು ನಡುವಿಗೆ ಹಬ್ಬಿ ಒಂದು ಪದರವಾಗಿ ಮೇಲ್ಮೈಯನ್ನು ಮುಚ್ಚುತ್ತದೆ, ಮೊಸಾಯಿಕ್ ನೆಲದ ಹಾಗೆ ಚುಕ್ಕೆಚುಕ್ಕೆಯಾಗಿ. ಆಮೇಲೆ ಕೆಲವೇ ಸೆಕೆಂಡಿನಲ್ಲಿ ಪದರ ಪೂರ್ತಿ ಎದ್ದು ಅಂಚು ದಾಟುತ್ತದೆ. ಪದರ ಮುಚ್ಚಿದ ಕೂಡಲೇ ಉರಿ ತಗ್ಗಿಸಿ, ತಣ್ಣೀರು ಚಿಮುಕಿಸಿ, ಕಲಕುತ್ತಿರಿ. ಐದಾರು ನಿಮಿಷದಲ್ಲಿ ಪ್ರೋಟೀನ್ ಮೊಟ್ಟೆ ಸೂಪಿನ ಎಳೆಗಳಂತೆ ಒಡೆದು ತಳಕ್ಕೆ ಇಳಿಯುತ್ತದೆ, ನೊರೆ ತಾನಾಗಿ ಅಡಗುತ್ತದೆ.

5. ಆಗ 15 ಗ್ರಾಮ್ ಹಾಪ್ಸ್ ಹಾಕಿ, ಗಡಿಯಾರ ನೋಡಿ 60 ನಿಮಿಷ ಕುದಿಸಿ. ಹಾಪ್ಸ್‌ನ ಕಹಿ ನೀರಿಗೆ ಹಿಡಿಯಬೇಕಾದರೆ ಅಷ್ಟು ಹೊತ್ತಿನ ಕುದಿ ಬೇಕು. ಪರಿಮಳವಾದರೋ ಕುದಿಯಲ್ಲಿ ಹಾರಿಹೋಗುತ್ತದೆ. ಅದಕ್ಕೇ ಉಳಿದುದನ್ನು ತಡವಾಗಿ ಹಾಕುವುದು: 10 ಗ್ರಾಮ್ ಕೊನೆಯ 15 ನಿಮಿಷ ಇರುವಾಗ, 15 ಗ್ರಾಮ್ ಒಲೆ ಆರಿಸಿದ ಕ್ಷಣದಲ್ಲಿ. ಕುದಿಯುವಾಗ ಮುಚ್ಚಳ ಪೂರ್ತಿ ಹಾಕಬೇಡಿ.

6. ಸಿಂಕಿನಲ್ಲಿ ತಣ್ಣೀರು ತುಂಬಿ ಪಾತ್ರೆಯನ್ನು ಇಳಿಸಿ. ನೀರು ಬಿಸಿಯಾದಾಗ ಬದಲಿಸಿ, ಎರಡು ಸಲದ ನಂತರ ಐಸ್ ಹಾಕಿ. ಮುಕ್ಕಾಲು ಗಂಟೆಯೊಳಗೆ 20 ಡಿಗ್ರಿಗೆ ಇಳಿಯಬೇಕು. ತಣಿಯುವ ದಾರಿಯಲ್ಲಿ ಬ್ಯಾಕ್ಟೀರಿಯಾಕ್ಕೆ ಇಷ್ಟವಾದ ಉಗುರು ಬೆಚ್ಚಗಿನ ಹಂತವೊಂದು ಇದೆಯಲ್ಲ, ಅಲ್ಲಿ ಹೆಚ್ಚು ಹೊತ್ತು ನಿಲ್ಲಬಾರದು.

ಕುದಿ ನಿಂತ ಮೇಲೆ ಈ ಸಿಹಿ ದ್ರವವನ್ನು ತಾಗುವ ಪ್ರತಿಯೊಂದೂ ಸ್ಯಾನಿಟೈಸರಿನಲ್ಲಿ ಅದ್ದಿರಬೇಕು. ಬಕೆಟ್ಟು, ಮುಚ್ಚಳ, ಏರ್‌ಲಾಕ್, ಥರ್ಮಾಮೀಟರ್, ಯೀಸ್ಟ್ ಪೊಟ್ಟಣ ಕತ್ತರಿಸುವ ಕತ್ತರಿ ಕೂಡ. ತೊಳೆಯುವುದು ಬೇರೆ, ಸ್ಯಾನಿಟೈಸ್ ಮಾಡುವುದು ಬೇರೆ. ಕೊಳೆ ಉಳಿದಿದ್ದರೆ ಯಾವ ಸ್ಯಾನಿಟೈಸರೂ ಅದರ ಅಡಿಗೆ ಇಳಿಯದು. ಆದ್ದರಿಂದ ಮೊದಲು ಪರಿಮಳವಿಲ್ಲದ ಪುಡಿಯಲ್ಲಿ ತೊಳೆದು ಜಾಲಿಸಿ, ಆಮೇಲೆ ಸ್ಯಾನಿಟೈಸರ್. ಸ್ಟಾರ್ ಸ್ಯಾನ್ ಆದರೆ ಲೀಟರ್ ನೀರಿಗೆ ಸುಮಾರು ಒಂದೂವರೆ ಮಿಲಿಲೀಟರ್, ಒಂದೆರಡು ನಿಮಿಷ ತಾಗಿದರೆ ಸಾಕು. ಅದರ ನೊರೆ ಉಳಿದರೆ ಚಿಂತೆಯಿಲ್ಲ, ತೊಳೆಯಲು ಹೋಗಿ ನಲ್ಲಿ ನೀರು ತಾಗಿಸಬೇಡಿ. ಸ್ಪ್ರೇ ಬಾಟಲಿಯಲ್ಲಿ ಸ್ವಲ್ಪ ತುಂಬಿ ಕೈಗೆ ಸಿಗುವಂತೆ ಇಟ್ಟುಕೊಂಡರೆ ದಿನವಿಡೀ ಉಪಯೋಗ.

7. ತಣಿದ ದ್ರವವನ್ನು ಎತ್ತರದಿಂದ ಬಕೆಟ್ಟಿಗೆ ಸುರಿಯಿರಿ. ಯೀಸ್ಟಿಗೆ ಶುರುವಿನಲ್ಲಿ ಗಾಳಿ ಬೇಕು. ಹೈಡ್ರೋಮೀಟರ್ ಜಾಡಿಗೆ ಒಂದಿಷ್ಟು ತೆಗೆದು ಸಾಂದ್ರತೆ ನೋಡಿ ಬರೆದುಕೊಳ್ಳಿ, 1.048ರ ಆಸುಪಾಸು ಇರಬೇಕು. ಆ ಮಾದರಿಯನ್ನು ಬಕೆಟ್ಟಿಗೆ ವಾಪಸ್ ಹಾಕಬೇಡಿ, ರುಚಿ ನೋಡಿ ಚೆಲ್ಲಿ. ಯೀಸ್ಟನ್ನು ಮೇಲೆ ಉದುರಿಸಿ ಮುಚ್ಚಿ. ಏರ್‌ಲಾಕ್‌ಗೆ ಸ್ಯಾನಿಟೈಸರ್ ನೀರು ತುಂಬಿ.

ಎರಡು ವಾರ, ಹೆಚ್ಚಿನ ಗಮನ ಮೊದಲ ಮೂರು ದಿನ

ಯೀಸ್ಟ್ ಎಚ್ಚರಗೊಳ್ಳಲು 12ರಿಂದ 24 ಗಂಟೆ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಹಿಡಿಯುತ್ತದೆ. ಮರುದಿನ ಬೆಳಿಗ್ಗೆ ಗುಳ್ಳೆ ಇಲ್ಲವೆಂದು ಗಾಬರಿಯಾಗಿ ಮುಚ್ಚಳ ತೆರೆಯಬೇಡಿ. ಎರಡನೆಯ ದಿನದ ಹೊತ್ತಿಗೆ ಮೇಲೆ ಕೆನೆ ಬಣ್ಣದ ದಪ್ಪ ನೊರೆ ಏಳುತ್ತದೆ. ಅದರ ಮೇಲೆ ಹಾಪ್ಸ್‌ನ ಹಸಿರು-ಕಂದು ಗಸಿ ಅಲ್ಲಲ್ಲಿ ಅಂಟಿಕೊಂಡಿರುತ್ತದೆ. ಹೊಸಬರು ಇದನ್ನು ಬೂಷ್ಟು ಎಂದುಕೊಂಡು ಒಳ್ಳೆಯ ಬಿಯರನ್ನು ಮೋರಿಗೆ ಸುರಿದದ್ದುಂಟು. ಬೂಷ್ಟು ಒಣಗಿ ತುಪ್ಪಳದಂತೆ ಇರುತ್ತದೆ. ಯೀಸ್ಟಿನ ನೊರೆ ತೇವವಾಗಿ, ಜಿಗುಟಾಗಿ ಇರುತ್ತದೆ, ಬ್ರೆಡ್ಡಿನ ವಾಸನೆ ಬರುತ್ತದೆ.

ಈ ಯೀಸ್ಟಿಗೆ 18ರಿಂದ 20 ಡಿಗ್ರಿ ಸೆಲ್ಸಿಯಸ್, ಅಂದರೆ 64ರಿಂದ 68 ಫ್ಯಾರನ್‌ಹೀಟ್ ಹಿತ. ಇಲ್ಲಿ ಗಮನಿಸಬೇಕಾದ್ದು, ಇದು ಕೋಣೆಯ ತಾಪಮಾನ ಅಲ್ಲ, ಬಕೆಟ್ಟಿನ ಒಳಗಿನದು. ಯೀಸ್ಟ್ ಚುರುಕಾಗಿ ದುಡಿಯುವಾಗ ತಾನೇ ಶಾಖ ಹುಟ್ಟಿಸುತ್ತದೆ. ಆ ದಿನಗಳಲ್ಲಿ ಒಳಗಿನ ದ್ರವ ಕೋಣೆಗಿಂತ 3ರಿಂದ 5 ಡಿಗ್ರಿ ಹೆಚ್ಚು ಬಿಸಿಯಿರಬಹುದು. ಥರ್ಮೋಸ್ಟಾಟ್ 22 ಎಂದು ತೋರಿಸುವ ಮನೆಯಲ್ಲಿ ಬಿಯರ್ 26ರಲ್ಲಿ ಹುದುಗುತ್ತಿರುತ್ತದೆ! ಮೊದಲ ಬ್ಯಾಚಿನ ಬಾಳೆಹಣ್ಣಿನ ವಾಸನೆಗೆ ಹೆಚ್ಚಿನ ಕಡೆ ಇದೇ ಕಾರಣ. ಬಕೆಟ್ಟಿನ ಹೊರಮೈಗೆ ಅಂಟಿಸುವ ಥರ್ಮಾಮೀಟರ್ ಪಟ್ಟಿ ಅಗ್ಗ, ಒಂದು ತಂದು ಅಂಟಿಸಿ.

ತಂಪು ಮಾಡಲು ಫ್ರಿಜ್ ಬೇಕೇಬೇಕೆಂದಿಲ್ಲ. ಬಕೆಟ್ಟನ್ನು ಅಗಲವಾದ ಟಬ್ಬಿನಲ್ಲಿಟ್ಟು ಅರ್ಧದ ತನಕ ನೀರು ತುಂಬಿ. ಹಳೆಯ ಟೀ ಶರ್ಟ್ ಒಂದನ್ನು ಬಕೆಟ್ಟಿಗೆ ತೊಡಿಸಿ ಅದರ ಅಂಚು ನೀರಿನಲ್ಲಿ ಮುಳುಗುವಂತೆ ಬಿಡಿ, ಎದುರಿಗೆ ಫ್ಯಾನ್ ಇಡಿ. ನೀರಿನ ಬಾಟಲಿಗಳನ್ನು ಫ್ರೀಜರಿನಲ್ಲಿ ಗಟ್ಟಿ ಮಾಡಿ ಬೆಳಿಗ್ಗೆ ಒಂದು, ಸಂಜೆ ಒಂದು ಟಬ್ಬಿಗೆ ಹಾಕಿ. ಟೆಕ್ಸಾಸ್, ಅರಿಜೋನಾದ ಬೇಸಿಗೆಯಲ್ಲಿ ಇದೂ ಸಾಲದು. ಆ ಊರುಗಳವರು ಮೊದಲ ಬ್ಯಾಚನ್ನು ನವೆಂಬರಿನ ನಂತರ ಹಿಡಿಯುವುದು ಕ್ಷೇಮ. ಸಿಡ್ನಿ, ಮೆಲ್ಬರ್ನ್‌ನವರಿಗೆ ಜೂನ್‌ನಿಂದ ಆಗಸ್ಟ್ ಒಳ್ಳೆಯ ಕಾಲ.

ಮೊದಲ ಮೂರು ದಿನ 18–19ರಲ್ಲಿ ಹಿಡಿದಿಡಿ. ಕೆಟ್ಟ ವಾಸನೆಗಳಲ್ಲಿ ಹೆಚ್ಚಿನವು ಹುಟ್ಟುವುದು ಆ ಅವಧಿಯಲ್ಲೇ. ಆಮೇಲೆ 20–21ಕ್ಕೆ ಏರಿದರೆ ತೊಂದರೆಯಿಲ್ಲ, ಬದಲಿಗೆ ಒಳ್ಳೆಯದು. ನೊರೆ ಇಳಿದ ಮೇಲೂ ಯೀಸ್ಟಿನ ಕೆಲಸ ಮುಗಿದಿರುವುದಿಲ್ಲ. ತಾನೇ ಮೊದಲು ಬಿಟ್ಟ ಹಸಿ ಸೇಬಿನ, ಬೆಣ್ಣೆಯ ವಾಸನೆಯ ವಸ್ತುಗಳನ್ನು ಈಗ ವಾಪಸ್ ಹೀರಿಕೊಳ್ಳುತ್ತಿರುತ್ತದೆ. ಐದನೆಯ ದಿನಕ್ಕೇ ಬಾಟಲಿಗೆ ತುಂಬುವವರ ಬಿಯರಿನಲ್ಲಿ ಹಸಿ ಸೇಬಿನ ರುಚಿ ಉಳಿಯುವುದು ಇದರಿಂದ.

ಏರ್‌ಲಾಕಿನ ಗುಳ್ಳೆಯನ್ನು ನಂಬಬೇಡಿ. ಮುಚ್ಚಳ ಸಡಿಲವಿದ್ದರೆ ಗುಳ್ಳೆಯೇ ಬರದು. ಕೋಣೆ ಬೆಚ್ಚಗಾದರೆ ಹುದುಗು ಮುಗಿದ ಮೇಲೂ ಬರುತ್ತದೆ. ಹನ್ನೆರಡನೆಯ ದಿನ ಸಾಂದ್ರತೆ ನೋಡಿ, ಮೂರು ದಿನ ಬಿಟ್ಟು ಮತ್ತೆ ನೋಡಿ. ಎರಡೂ ಒಂದೇ ಇದ್ದರೆ, 1.010ರಿಂದ 1.013ರ ನಡುವೆ ಇದ್ದರೆ, ಮುಗಿದಂತೆ. ಮೊದಲ ಅಂಕಿಯಿಂದ ಕೊನೆಯ ಅಂಕಿ ಕಳೆದು 131ರಿಂದ ಗುಣಿಸಿದರೆ ಆಲ್ಕೋಹಾಲಿನ ಶೇಕಡಾವಾರು ಸಿಗುತ್ತದೆ: 1.048ರಿಂದ 1.012ಕ್ಕೆ ಇಳಿದಿದ್ದರೆ ಸುಮಾರು 4.7.

ಬಾಟಲಿ ತುಂಬುವುದು: ಇಲ್ಲಿ ಅಂದಾಜು ನಡೆಯದು

ಬಿಯರಿಗೆ ಗ್ಯಾಸ್ ಬರುವುದು ಹೇಗೆ? ಕಣ್ಣಿಗೆ ತಿಳಿಯಾಗಿ ಕಂಡರೂ ಬಿಯರಿನಲ್ಲಿ ಲೆಕ್ಕವಿಲ್ಲದಷ್ಟು ಯೀಸ್ಟ್ ಉಳಿದಿರುತ್ತದೆ. ಅಳತೆ ಮಾಡಿದ ಸ್ವಲ್ಪ ಸಕ್ಕರೆ ಕೊಟ್ಟು ಬಾಟಲಿಯನ್ನು ಮುಚ್ಚಿದರೆ ಅದು ತಿಂದು ಬಿಟ್ಟ ಅನಿಲ ಹೊರಗೆ ಹೋಗಲಾಗದೆ ಬಿಯರಿನಲ್ಲೇ ಕರಗುತ್ತದೆ. ಸಕ್ಕರೆ ಕಡಿಮೆಯಾದರೆ ಸಪ್ಪೆ. ಹೆಚ್ಚಾದರೆ ಬಾಟಲಿ ಒಡೆಯುತ್ತದೆ.

ಇದು ಉತ್ಪ್ರೇಕ್ಷೆಯಲ್ಲ. ಗಾಜಿನ ಬಾಟಲಿ ಸಿಡಿದರೆ ಚೂರುಗಳು ಕೋಣೆಯ ತುಂಬ ಹಾರುತ್ತವೆ, ಕಣ್ಣು ಹೋಗಬಹುದು. ಮನೆಯ ಬಿಯರಿನಲ್ಲಿ ನಿಜವಾದ ಅಪಾಯ ಅಂತ ಇದ್ದರೆ ಇದೇ. ಕಾರಣ ಎರಡು: ಸಕ್ಕರೆಯನ್ನು ಚಮಚದ ಅಂದಾಜಿನಲ್ಲಿ ಹಾಕುವುದು, ಹುದುಗು ಮುಗಿಯುವ ಮೊದಲೇ ತುಂಬುವುದು. ಎರಡನೆಯದು ಹೆಚ್ಚು ಮೋಸದ್ದು. ಸಾಂದ್ರತೆ 0.002ರಷ್ಟು ಇಳಿಯುವುದು ಬಾಕಿ ಇದ್ದಾಗ ಮುಚ್ಚಿದರೂ ಬಿಯರಿನ ಪರಿಮಾಣಕ್ಕೆ ಸರಿಸಮನಾದ ಪರಿಮಾಣದ ಅನಿಲ ಹೆಚ್ಚುವರಿಯಾಗಿ ಹುಟ್ಟುತ್ತದೆ. ಹೈಡ್ರೋಮೀಟರಿನಲ್ಲಿ ಎರಡು ಸಲ ನೋಡಿ ಎಂದು ಒತ್ತಿ ಹೇಳಿದ್ದು ಅದಕ್ಕೇ.

1. ಲೀಟರ್ ಬಿಯರಿಗೆ 6 ಗ್ರಾಮ್ ಮಾಮೂಲಿ ಸಕ್ಕರೆ. ತಳದ ಗಸಿ ಬಿಟ್ಟು ನಿಮಗೆ ಸಿಗುವುದು ಸುಮಾರು 9 ಲೀಟರ್; ಅಂದರೆ 54 ಗ್ರಾಮ್. ತೂಗಿಯೇ ಹಾಕಿ. ಒಂದು ಲೋಟ ನೀರಿನಲ್ಲಿ ಕರಗಿಸಿ ಐದು ನಿಮಿಷ ಕುದಿಸಿ ಆರಿಸಿ.

2. ಈ ಪಾಕವನ್ನು ನಲ್ಲಿ ಇರುವ ಬಕೆಟ್ಟಿನ ತಳಕ್ಕೆ ಸುರಿದು, ಅದರ ಮೇಲೆ ಬಿಯರನ್ನು ಸೈಫನ್ ಮಾಡಿ. ಕೊಳವೆಯ ತುದಿ ತಳ ಮುಟ್ಟಿರಲಿ, ಸದ್ದಾಗಬಾರದು. ಮೊದಲ ದಿನ ಬೇಕಾಗಿದ್ದ ಗಾಳಿ ಈಗ ಶತ್ರು; ಗಾಳಿ ಬೆರೆತ ಬಿಯರ್ ಕೆಲವೇ ವಾರದಲ್ಲಿ ಒದ್ದೆ ರಟ್ಟಿನ ರುಚಿಗೆ ತಿರುಗುತ್ತದೆ. ಬಾಯಿಂದ ಎಳೆದು ಸೈಫನ್ ಶುರು ಮಾಡಬೇಡಿ, ಬಾಯಿಯ ಬ್ಯಾಕ್ಟೀರಿಯಾ ಸೇರುತ್ತದೆ. ಕೊನೆಗೆ ಸೌಟಿನಿಂದ ನಿಧಾನವಾಗಿ ಒಂದೆರಡು ಸುತ್ತು ತಿರುಗಿಸಿ. ಪಾಕ ಸಮನಾಗಿ ಬೆರೆಯದಿದ್ದರೆ ಒಂದು ಬಾಟಲಿ ಸಪ್ಪೆ, ಪಕ್ಕದ್ದು ಕಾರಂಜಿ.

3. ಬಾಟಲಿ ಕಂದು ಬಣ್ಣದ್ದಿರಲಿ. ಬೆಳಕು ಬಿದ್ದರೆ ಹಾಪ್ಸ್‌ನ ಕಹಿ ಅಂಶ ಒಡೆದು ಹೊಲಸು ವಾಸನೆ ಬರುತ್ತದೆ. ಹಸಿರು, ಬಿಳಿ ಗಾಜು ತಡೆಯುವುದಿಲ್ಲ. ತಿರುಗಿಸಿ ತೆಗೆಯುವ ಮುಚ್ಚಳದ ಬಾಟಲಿ ಬೇಡ, ಅದರ ಬಾಯಿಗೆ ಒತ್ತುವ ಮುಚ್ಚಳ ಸರಿಯಾಗಿ ಕೂರದು. ಬಿರುಕು ಬಿಟ್ಟದ್ದು, ಬಾಯಿ ಚೂರು ಹಾರಿದ್ದು ಎಸೆಯಿರಿ. ಮೇಲೆ ಎರಡೂವರೆ ಸೆಂಟಿಮೀಟರ್ ಖಾಲಿ ಬಿಡಿ. 355 ಮಿಲಿಲೀಟರಿನ ಸುಮಾರು 25 ಬಾಟಲಿ ಆಗುತ್ತವೆ.

4. ಒಂದು ಬಾಟಲಿಯಷ್ಟನ್ನು ಸೋಡಾದ ಪ್ಲಾಸ್ಟಿಕ್ ಬಾಟಲಿಗೆ ತುಂಬಿಸಿ. ದಿನಾ ಒತ್ತಿ ನೋಡಿ. ಅದು ಕಲ್ಲಿನಂತೆ ಗಟ್ಟಿಯಾದರೆ ಗಾಜಿನ ಬಾಟಲಿಗಳಲ್ಲೂ ಗ್ಯಾಸ್ ಆಗಿದೆ ಎಂದರ್ಥ. ಮೊದಲ ಬ್ಯಾಚಿಗೆ ಇದಕ್ಕಿಂತ ಒಳ್ಳೆಯ ಅಳತೆಗೋಲು ಇಲ್ಲ.

5. ಈಗ ಮಾತ್ರ ಬೆಚ್ಚಗಿನ ಜಾಗ ಸರಿ: 20ರಿಂದ 22 ಡಿಗ್ರಿ, ಕತ್ತಲೆ, ಎರಡು ವಾರ. ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ಇಟ್ಟರೆ ಒಡೆದರೂ ಚೂರು ಒಳಗೇ ಇರುತ್ತದೆ. ನಂತರ ಎರಡು ಮೂರು ದಿನ ಫ್ರಿಜ್ಜಿನಲ್ಲಿ. ತಣ್ಣಗಾದಾಗಲೇ ಅನಿಲ ಚೆನ್ನಾಗಿ ಕರಗುವುದು.

ಒಂದು ಬಾಟಲಿ ತೆರೆದಾಗ ಕಾರಂಜಿಯಂತೆ ಉಕ್ಕಿದರೆ ಉಳಿದವನ್ನು ಹಾಗೇ ಬಿಡಬೇಡಿ. ಕನ್ನಡಕ, ದಪ್ಪ ಕೈಗವಸು ಹಾಕಿಕೊಂಡು ಎಲ್ಲವನ್ನೂ ಫ್ರಿಜ್ಜಿಗೆ ಸೇರಿಸಿ. ತಣ್ಣಗಾದ ಮೇಲೆ ಒಂದೊಂದನ್ನೇ ಟವೆಲ್ ಸುತ್ತಿ ತೆರೆಯಿರಿ.

ಇನ್ನಷ್ಟು ಎಚ್ಚರಿಕೆ

ಬ್ಲೀಚ್ ಬಳಸುವವರಿದ್ದಾರೆ. ನಾನು ಬೇಡ ಎನ್ನುತ್ತೇನೆ: ಚೆನ್ನಾಗಿ ಜಾಲಿಸದಿದ್ದರೆ ಅದೇ ಔಷಧಿ ವಾಸನೆ. ಬ್ಲೀಚಿಗೆ ವಿನೆಗರ್ ಅಥವಾ ಆಮ್ಲದ ಸ್ಯಾನಿಟೈಸರ್ ಎಂದೂ ಬೆರೆಸಬೇಡಿ, ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ. ಮನೆಯಲ್ಲಿ ನಾಯಿ ಇದ್ದರೆ ಬಳಸಿದ ಹಾಪ್ಸನ್ನು ಅದಕ್ಕೆ ಸಿಗದಂತೆ ಕಸಕ್ಕೆ ಹಾಕಿ. ಹಾಪ್ಸ್ ತಿಂದ ನಾಯಿಯ ಮೈ ವಿಪರೀತ ಕಾದು ಪ್ರಾಣ ಹೋಗಬಹುದು. ಹತ್ತು ಲೀಟರ್ ಕುದಿಯುವ ಸಕ್ಕರೆ ನೀರು ಚರ್ಮಕ್ಕೆ ಅಂಟಿ ಸುಡುತ್ತದೆ, ಪಾತ್ರೆ ಎತ್ತುವಾಗ ಮಕ್ಕಳು ಕಾಲಡಿಯಲ್ಲಿ ಇರಬಾರದು. ತುಂಬಿದ ಬಾಟಲಿಗಳಿಗೆ ಚೀಟಿ ಅಂಟಿಸಿ ಮಕ್ಕಳ ಕೈಗೆ ಸಿಗದಲ್ಲಿ ಇಡಿ. ಮನೆಯಲ್ಲಿ ಮಾಡಿದ್ದಾದರೂ ಇದು ಮದ್ಯವೇ, ಕುಡಿದು ಗಾಡಿ ಹತ್ತುವಂತಿಲ್ಲ.

ಮನೆಯ ಬಿಯರ್ ಕುಡಿದರೆ ಕಣ್ಣು ಹೋಗುತ್ತದೆಯೇ ಎಂದು ಊರಿನಿಂದ ಹಿರಿಯರು ಫೋನಿನಲ್ಲಿ ಕೇಳುವುದುಂಟು. ಅವರ ಮನಸ್ಸಿನಲ್ಲಿರುವುದು ಕಳ್ಳಭಟ್ಟಿಯ ದುರಂತಗಳು. ಅಲ್ಲಿ ಜೀವ ತೆಗೆಯುವುದು ಮೆಥನಾಲ್. ಮಾಲ್ಟನ್ನು ಹುದುಗು ಬರಿಸಿದಾಗ ಅಪಾಯವಾಗುವಷ್ಟು ಮೆಥನಾಲ್ ಹುಟ್ಟುವುದಿಲ್ಲ ಎಂದು ಅವರಿಗೆ ಧೈರ್ಯವಾಗಿ ಹೇಳಬಹುದು.

ರುಚಿ ನೋಡಿ ತಪ್ಪು ಹುಡುಕುವುದು

ಮೊಸರಿನ ಅಥವಾ ವಿನೆಗರಿನ ಹುಳಿ ಇದ್ದರೆ ಬ್ಯಾಕ್ಟೀರಿಯಾ ಸೇರಿದೆ. ಗೀರು ಬಿದ್ದ ಬಕೆಟ್ಟು, ಬಾಟಲಿ ತುಂಬುವ ನಲ್ಲಿಯ ಒಳಭಾಗ ಇವೆರಡನ್ನು ಮೊದಲು ಅನುಮಾನಿಸಿ. ನಲ್ಲಿಯನ್ನು ಬಿಚ್ಚಿ ತೊಳೆಯುವವರು ಕಡಿಮೆ, ಗಸಿ ಅಲ್ಲೇ ಕೂತಿರುತ್ತದೆ. ಬಾಳೆಹಣ್ಣು, ಉಗುರಿನ ಬಣ್ಣ: ಬಿಸಿ ಹೆಚ್ಚಾಯಿತು. ಹಸಿ ಸೇಬು, ಬೆಣ್ಣೆ: ಅವಸರ. ಬೆಣ್ಣೆಯ ವಾಸನೆ ಬಾಟಲಿ ತುಂಬುವ ಮೊದಲೇ ಗೊತ್ತಾದರೆ ಬಕೆಟ್ಟನ್ನು 21 ಡಿಗ್ರಿಯಲ್ಲಿ ಇನ್ನೂ ಮೂರ್ನಾಲ್ಕು ದಿನ ಬಿಡಿ, ಹೆಚ್ಚಿನ ಸಲ ಹೋಗುತ್ತದೆ. ಬೇಯಿಸಿದ ಜೋಳದ ವಾಸನೆ ಇದ್ದರೆ ಮುಚ್ಚಳ ಹಾಕಿ ಕುದಿಸಿದ್ದೀರಿ. ಎರಡು ವಾರ ಕಳೆದರೂ ಗ್ಯಾಸ್ ಬರದಿದ್ದರೆ ಮೊದಲು ಜಾಗ ನೋಡಿ. ಬೇಸ್‌ಮೆಂಟಿನ ತಂಪಿನಲ್ಲಿಟ್ಟ ಬಾಟಲಿಗಳನ್ನು ಮೇಲೆ ತಂದು, ಒಮ್ಮೆ ತಲೆಕೆಳಗು ಮಾಡಿ, ಇನ್ನೊಂದು ವಾರ ಕೊಡಿ. ಸಕ್ಕರೆ ಮತ್ತೆ ಹಾಕಲು ಹೋಗಬೇಡಿ.

ಎರಡನೆಯ ಬ್ಯಾಚಿಗೆ ಇದೇ ರೆಸಿಪಿಯನ್ನು ಮತ್ತೊಮ್ಮೆ ಮಾಡಿ ಎಂಬುದು ನನ್ನ ಒತ್ತಾಯ. ಕುದಿಸಿದ ದಿನಾಂಕ, ಬಕೆಟ್ಟಿನ ಪಟ್ಟಿ ದಿನಾ ತೋರಿಸಿದ ತಾಪಮಾನ, ಎರಡೂ ಸಾಂದ್ರತೆ, ಸಕ್ಕರೆಯ ತೂಕ ಇವನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟಿರುತ್ತೀರಲ್ಲ, ಅದರಲ್ಲಿ ಒಂದನ್ನು ಮಾತ್ರ ಬದಲಿಸಿ. ಮೊದಲ ಬ್ಯಾಚಿನ ಎರಡು ಬಾಟಲಿಗಳನ್ನು ಫ್ರಿಜ್ಜಿನಲ್ಲಿ ಉಳಿಸಿಕೊಂಡಿದ್ದರೆ ಎರಡೂ ಬ್ಯಾಚನ್ನು ಅಕ್ಕಪಕ್ಕದ ಲೋಟದಲ್ಲಿ ಸುರಿದು ಹೋಲಿಸಬಹುದು. ಹಾಪ್ಸ್‌ನ ಜಾತಿ ಬದಲಿಸುವುದು ಮೂರನೆಯ ಬ್ಯಾಚಿನಲ್ಲಿ.